ತರಗತಿಯಲ್ಲಿ ಬ್ಲಾಕ್‌ಚೈನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ನಾತಕೋತ್ತರ ತರಗತಿಗಳಲ್ಲಿ ಬ್ಲಾಕ್‌ಚೈನ್ ಕಲಿಸುವವರು ಮತ್ತು ಕಲಿಯುವವರು ಕಳುಹಿಸಿದ ಪ್ರಶ್ನೆಗಳಲ್ಲಿ ಎಂಟನ್ನು ಈ ಸಂಚಿಕೆಗೆ ಆರಿಸಿದ್ದೇವೆ.

ಪ್ರಶ್ನೆ: ನಮ್ಮ ಎಂ.ಕಾಂ. ವಿಭಾಗಕ್ಕೆ ‘ವ್ಯವಹಾರ ಮತ್ತು ಸಮಾಜದಲ್ಲಿ ಬ್ಲಾಕ್‌ಚೈನ್’ ಎಂಬ 30 ಗಂಟೆಗಳ ಐಚ್ಛಿಕ ಪತ್ರಿಕೆ ಬಂದಿದೆ. ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?
— ಉಪನ್ಯಾಸಕಿ, ದಾವಣಗೆರೆ

ಉತ್ತರ: ಬಿಟ್‌ಕಾಯಿನ್‌ನಿಂದ ಮಾತ್ರ ಬೇಡ. ಮೊದಲ ದಿನವೇ ಅದರ ಬೆಲೆಯ ಮಾತು ಬಂದರೆ ಆಮೇಲೆ ತರಗತಿ ಅಲ್ಲಿಂದ ಕದಲುವುದಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತಿರುವುದು ಕೀರ್ದಿ ಮತ್ತು ಖತಾವಣಿ. ಅಲ್ಲಿಂದಲೇ ಹೊರಡಿ.

ನಿನ್ನೆಯ ಆಖೈರು ಶಿಲ್ಕು ಇಂದಿನ ಆರಂಭ ಶಿಲ್ಕಾಗಿ ಬರಬೇಕು. ಹಿಂದಿನ ಪುಟದ ಮೊತ್ತ ತಿದ್ದಿದರೆ ಮುಂದಿನ ಪುಟಕ್ಕೆ ತಾಳೆ ಬೀಳುವುದಿಲ್ಲ. ಪುಟವೇ ‘ಬ್ಲಾಕ್’, ಬ್ಲಾಕ್‌ಚೈನ್‌ನ ‘ಚೈನ್’ ಇದೇ. ವ್ಯತ್ಯಾಸವಿರುವುದು ಎರಡು ಕಡೆ. ಶಿಲ್ಕು ಮೊತ್ತವನ್ನಷ್ಟೇ ಕಾಯುತ್ತದೆ: ರಾಮಣ್ಣನ ಹೆಸರಿನ 500 ರೂಪಾಯಿಯನ್ನು ಸೋಮಣ್ಣನ ಹೆಸರಿಗೆ ಬದಲಿಸಿದರೆ ಶಿಲ್ಕಿಗೆ ತಿಳಿಯುವುದಿಲ್ಲ. ಹ್ಯಾಶ್ ಎಂಬ ಲೆಕ್ಕ ಪುಟದ ಪ್ರತಿ ಅಕ್ಷರವನ್ನೂ ಒಳಗೊಂಡು ಒಂದು ಸಂಖ್ಯೆ ಕೊಡುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ಗುರುತು ಸಿಗದಷ್ಟು ಬದಲಾಗುತ್ತದೆ. ಎರಡನೆಯದು, ಇಲ್ಲಿ ಪುಸ್ತಕ ಒಬ್ಬ ಗುಮಾಸ್ತರ ಕೈಯಲ್ಲಿಲ್ಲ. ಪರಸ್ಪರ ನಂಬಿಕೆಯಿಲ್ಲದ ಹಲವರ ಬಳಿ ಅದರ ಪ್ರತಿ ಇದೆ, ಹೊಸ ಪುಟ ಸೇರಿಸಲು ಅವರೆಲ್ಲ ಒಪ್ಪಿದ ಒಂದು ನಿಯಮವಿದೆ.

ಇಷ್ಟನ್ನು ನಾಲ್ಕು ಗಂಟೆ ಕಲಿಸಿ, ಅವಸರ ಬೇಡ. ಬಳಿಕ ಸಂಶೋಧಕರಾದ ಹೇಬರ್ ಮತ್ತು ಸ್ಟೋರ್ನೆಟ್ಟಾ 1991ರಲ್ಲಿ ಮುಂದಿಟ್ಟ ಉಪಾಯ ಹೇಳಿ: ದಾಖಲೆಗಳ ಹ್ಯಾಶ್‌ಗಳನ್ನು ಸರಪಳಿಯಾಗಿ ಹೆಣೆಯುವುದು. 1995ರಿಂದ ಅಂಥ ಹ್ಯಾಶ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಅಚ್ಚಾಗುತ್ತಿತ್ತು. ಊರೂರಿಗೆ ಹೋದ ಪತ್ರಿಕೆಯ ಪ್ರತಿಗಳನ್ನೆಲ್ಲ ಹಿಂದಕ್ಕೆ ತರಿಸಿ ತಿದ್ದಲು ಯಾರಿಗೆ ಸಾಧ್ಯ? ಇದು ಅರ್ಥವಾದ ಮೇಲೆ, 31 ಅಕ್ಟೋಬರ್ 2008ರಂದು ಸತೋಶಿ ನಕಮೊಟೊ ಹೆಸರಿನಲ್ಲಿ ಬಂದ ಬಿಟ್‌ಕಾಯಿನ್ ಪ್ರಬಂಧ ಯಾವ ಸಮಸ್ಯೆ ಬಿಡಿಸಿತು ಎಂಬುದು ಸುಲಭವಾಗಿ ತಲೆಗೆ ಹೋಗುತ್ತದೆ: ಪುಟ ಸೇರಿಸುವ ಸರದಿ ಯಾರದ್ದೆಂದು ಯಜಮಾನನಿಲ್ಲದೆ ತೀರ್ಮಾನಿಸುವುದು ಹೇಗೆ?

ಪ್ರಶ್ನೆ: ಕಂಪ್ಯೂಟರ್ ಲ್ಯಾಬ್ ಸಿಗುವುದಿಲ್ಲ. ಕಾಗದದಲ್ಲೇ ಮಾಡಿಸಬಹುದಾದ ಚಟುವಟಿಕೆ ಇದೆಯೇ?
— ಅತಿಥಿ ಉಪನ್ಯಾಸಕರು, ಕಲಬುರಗಿ

ಉತ್ತರ: ಇದೆ. ಲ್ಯಾಬ್ ಇದ್ದವರೂ ಇದನ್ನು ಬಿಡಬಾರದು. 24 ಜನರ ತರಗತಿಯನ್ನು ನಾಲ್ವರಂತೆ ಆರು ಗುಂಪು ಮಾಡಿ. ಪ್ರತಿ ಗುಂಪಿಗೆ ಒಂದು ನೋಟ್‌ಬುಕ್, ಒಂದು ಕ್ಯಾಲ್ಕ್ಯುಲೇಟರ್, ಎರಡು ದಾಳ. ಎಲ್ಲರಿಗೂ ಆರಂಭ ಶಿಲ್ಕು 1,000. ಒಂದು ಗುಂಪು ಇನ್ನೊಂದಕ್ಕೆ ಹಣ ಕೊಡುವುದನ್ನು ಗಟ್ಟಿಯಾಗಿ ಕೂಗಿ ಹೇಳಬೇಕು, ಎಲ್ಲರೂ ಬರೆದುಕೊಳ್ಳಬೇಕು. ಎರಡು ವ್ಯವಹಾರಕ್ಕೆ ಒಂದು ಪುಟ.

ಪುಟ ತುಂಬಿದಾಗ ಅದಕ್ಕೊಂದು ಮುದ್ರೆ ಸಂಖ್ಯೆ ಬೇಕು. ಹಿಂದಿನ ಪುಟದ ಮುದ್ರೆಗೆ ಈ ಪುಟದ ಮೊತ್ತಗಳನ್ನು ಕೂಡಿಸಿ, ಬಂದದ್ದನ್ನು ವರ್ಗ ಮಾಡಿ, 97ರಿಂದ ಭಾಗಿಸಿ. ಉಳಿದ ಶೇಷವೇ ಮುದ್ರೆ. ಮೊದಲ ಪುಟದಲ್ಲಿ 500 ಮತ್ತು 300 ಇದ್ದರೆ ಒಟ್ಟು 800, ವರ್ಗ 6,40,000, ಶೇಷ 91. ಎರಡನೇ ಪುಟದಲ್ಲಿ 200 ಮತ್ತು 150: ಹಿಂದಿನ 91 ಸೇರಿ 441, ವರ್ಗ 1,94,481, ಶೇಷ 93. ಈಗ ಯಾರೋ ಮೊದಲ ಪುಟದ 500ನ್ನು 510 ಮಾಡಿದರು ಎನ್ನಿ. ಮೊದಲ ಮುದ್ರೆ 89 ಆಗುತ್ತದೆ, ಎರಡನೆಯದು 79. ಎರಡನೇ ಪುಟವನ್ನು ಮುಟ್ಟದೆಯೇ ಅದು ಕೆಟ್ಟಿತು. ಈ ಕ್ಷಣಕ್ಕಾಗಿಯೇ ಆಟ.

ಮುದ್ರೆ ಒತ್ತುವ ಹಕ್ಕು ಯಾರಿಗೆ ಎಂಬುದನ್ನು ದಾಳ ನಿರ್ಧರಿಸಲಿ. ಎಲ್ಲ ಗುಂಪುಗಳೂ ಒಟ್ಟಿಗೆ ಎಸೆಯಬೇಕು. ಎರಡರಲ್ಲೂ ಆರು ಬಿದ್ದವರಿಗೆ ಹಕ್ಕು, ಜೊತೆಗೆ 50ರ ಬಹುಮಾನ. ಸರಾಸರಿ ಆರೇಳು ಸುತ್ತಿಗೆ ಒಬ್ಬರು ಗೆಲ್ಲುತ್ತಾರೆ. ಉಳಿದವರು ಮುದ್ರೆಯನ್ನು ತಾವೇ ಲೆಕ್ಕ ಹಾಕಿ ತಾಳೆ ನೋಡಿದ ಮೇಲೆಯೇ ಪುಟ ಅಂಗೀಕಾರ.

ಆರು ಪುಟ ಆದ ಮೇಲೆ ಒಂದು ಗುಂಪಿಗೆ ನಾಲ್ಕನೇ ಪುಟ ತಿದ್ದಲು ಹೇಳಿ. ಅವರು 4, 5, 6 ಮೂರನ್ನೂ ಹೊಸದಾಗಿ ಗೆಲ್ಲಬೇಕು, ಅಷ್ಟರಲ್ಲಿ ಉಳಿದವರು ಏಳನೆಯದಕ್ಕೆ ಹೋಗಿರುತ್ತಾರೆ. ಆರರಲ್ಲಿ ಒಂದು ಗುಂಪು ಮೂರು ಪುಟ ಹಿಂದಿನಿಂದ ಸರಿಸಮ ಬರುವ ಸಂಭವ ಸುಮಾರು 125ಕ್ಕೆ ಒಂದು. ಎರಡು ಗುಂಪು ಕೈಜೋಡಿಸಿದರೆ ಎಂಟಕ್ಕೆ ಒಂದು. ಮೂರು ಗುಂಪು ಸೇರಿದರೆ ಇವತ್ತಲ್ಲ ನಾಳೆ ಬಂದೇ ಬರುತ್ತಾರೆ. ಬಹುಮತದ ದಾಳಿ ಎಂದರೇನು ಎಂದು ಮತ್ತೆ ಬೋರ್ಡಿನ ಮೇಲೆ ಬರೆಯಬೇಕಾಗಿಲ್ಲ.

ಕೆಡುವುದು ಎಲ್ಲಿ? ಜಗಳ ಬಂದಾಗ ಶಿಕ್ಷಕರು ತೀರ್ಪು ಕೊಟ್ಟುಬಿಡುತ್ತಾರೆ. ಆ ಕ್ಷಣಕ್ಕೆ ನೀವೇ ಬ್ಯಾಂಕ್ ಆದಿರಿ, ಆಟದ ಅರ್ಥ ಹೋಯಿತು. ‘ಯಾರ ಸರಪಳಿ ಉದ್ದವೋ ಅದು’ ಎಂಬ ನಿಯಮಕ್ಕೇ ಬಿಡಿ. ಇನ್ನೊಂದು, ನಮ್ಮ ಮುದ್ರೆ ದುರ್ಬಲ. 500 ಮತ್ತು 300ನ್ನು ಅದಲುಬದಲು ಮಾಡಿದರೆ, ಅಥವಾ ಕೊಟ್ಟಿದ್ದು ಯಾರಿಗೆ ಎಂಬುದನ್ನು ತಿದ್ದಿದರೆ ಮುದ್ರೆ ಬದಲಾಗುವುದಿಲ್ಲ. 97 ಶೇಷ ಸಾಧ್ಯವಿದ್ದರೂ ವರ್ಗ ಮಾಡುವುದರಿಂದ ಬರುವುದು 49 ಬಗೆಯ ಮುದ್ರೆ ಮಾತ್ರ. ಇದನ್ನು ಮುಚ್ಚಿಡಬೇಡಿ, ವಿದ್ಯಾರ್ಥಿಗಳೇ ಕಂಡುಹಿಡಿಯಲಿ. ಬಿಟ್‌ಕಾಯಿನ್ ಬಳಸುವ ಹ್ಯಾಶ್ ಲೆಕ್ಕವಾದ ಎಸ್‌ಎಚ್‌ಎ-256ಕ್ಕೆ 256 ಬಿಟ್ ಏಕೆ ಬೇಕು ಎಂಬ ಪ್ರಶ್ನೆ ಆಗ ಅವರಿಂದಲೇ ಬರುತ್ತದೆ.

ಪ್ರಶ್ನೆ: ಎಲ್ಲ ಉದಾಹರಣೆಗಳೂ ‘ಪ್ರಾಯೋಗಿಕ ಯೋಜನೆ’ ಎಂದೇ ಇರುತ್ತವೆ. ಭಾರತದಲ್ಲಿ ದಿನನಿತ್ಯ ನಡೆಯುವುದು ಯಾವುದಾದರೂ ಇದೆಯೇ?
— ಎಂಬಿಎ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಮ್ಮ ಜೇಬಿನಲ್ಲೇ ಇದೆ. ಬ್ಯಾಂಕಿನ ಒಟಿಪಿ, ಅಂಗಡಿಯ ರಿಯಾಯಿತಿ ಸಂದೇಶ ಇವೆಲ್ಲ ಹಾದುಬರುವುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯಡಿ ಕಟ್ಟಿದ ಡಿಎಲ್‌ಟಿ ವ್ಯವಸ್ಥೆಯ ಮೂಲಕ. ಡಿಎಲ್‌ಟಿ ಎಂದರೆ ಹಂಚಿಹೋದ ಲೆಡ್ಜರ್, ಬ್ಲಾಕ್‌ಚೈನ್ ಅದರ ಒಂದು ಬಗೆ. ಸಂದೇಶ ಕಳಿಸುವ ಸಂಸ್ಥೆ ತನ್ನನ್ನು, ತನ್ನ ಹೆಡರನ್ನು (ಕಳಿಸಿದವರ ಜಾಗದಲ್ಲಿ ಕಾಣುವ ಕಿರುಹೆಸರು), ಸಂದೇಶದ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕು. ಕಳಿಸುವಾಗ ಒಕ್ಕಣೆ ನೋಂದಣಿಗೆ ತಾಳೆಯಾಗದಿದ್ದರೆ ಸಂದೇಶ ಅಲ್ಲೇ ನಿಲ್ಲುತ್ತದೆ.

ಇಲ್ಲಿ ಬ್ಲಾಕ್‌ಚೈನ್ ಏಕೆ? ದೂರಸಂಪರ್ಕ ಕಂಪನಿಗಳು ಪರಸ್ಪರ ಪೈಪೋಟಿಯಲ್ಲಿವೆ. ಒಂದರ ಗ್ರಾಹಕರ ಆಯ್ಕೆಗಳ ಪಟ್ಟಿಯನ್ನು ಇನ್ನೊಂದರ ಕೈಗೆ ಒಪ್ಪಿಸಲು ಆಗದು, ಆದರೆ ನಿಯಮ ಎಲ್ಲರಲ್ಲೂ ಒಂದೇ ರೀತಿ ನಡೆಯಬೇಕು. ಯಾರು ಯಾರೆಂದು ಗೊತ್ತಿರುವ ಕೆಲವೇ ಕಂಪನಿಗಳ ಕೂಟವಾದ್ದರಿಂದ ಗಣಿಗಾರಿಕೆ (ದಾಳದ ಆಟದಂತೆ ಪುಟ ಸೇರಿಸುವ ಹಕ್ಕಿಗಾಗಿ ನಡೆಯುವ ಪೈಪೋಟಿ), ನಾಣ್ಯ ಯಾವುದೂ ಬೇಕಿಲ್ಲ.

ತೊಡಕಿನ ದಿನವನ್ನೂ ಓದಿ. 2021ರ ಮಾರ್ಚ್ 8ರಂದು ಒಕ್ಕಣೆ ತಾಳೆ ನೋಡುವುದನ್ನು ಬಿಗಿಗೊಳಿಸಿದಾಗ ಹಲವು ಸಂಸ್ಥೆಗಳ ಒಟಿಪಿಗಳೇ ತಲುಪಲಿಲ್ಲ. ಟ್ರಾಯ್ ಅದನ್ನು ಏಳು ದಿನ ತಡೆಹಿಡಿಯಬೇಕಾಯಿತು. ಎಲ್ಲರೂ ತಮ್ಮ ಒಕ್ಕಣೆಗಳನ್ನು ಸರಿಯಾಗಿ ನೋಂದಾಯಿಸಿರಲಿಲ್ಲ. ಸರಪಳಿ ಗಟ್ಟಿಯಿದ್ದರೂ ಅದಕ್ಕೆ ಸೇರಬೇಕಾದವರು ಸಿದ್ಧರಿರದಿದ್ದರೆ ಹೀಗಾಗುತ್ತದೆ. ತರಗತಿಯಲ್ಲಿ ಒಬ್ಬೊಬ್ಬರೂ ಫೋನಿನಲ್ಲಿ ಹತ್ತು ಸಂದೇಶದ ಹೆಡರ್ ನೋಡಲಿ. ಕೊನೆಗೆ ಬರುವ ಪಿ, ಎಸ್, ಟಿ, ಜಿ ಅಕ್ಷರಗಳು ಕ್ರಮವಾಗಿ ಪ್ರಚಾರ, ಸೇವೆ, ವ್ಯವಹಾರ, ಸರ್ಕಾರ ಎಂಬ ಬಗೆಯನ್ನು ತೋರಿಸುತ್ತವೆ.

ಪ್ರಶ್ನೆ: ಹಾಗಾದರೆ ಯುಪಿಐ ಕೂಡ ಬ್ಲಾಕ್‌ಚೈನೇ?
— ಓದುಗರು, ಮೈಸೂರು

ಉತ್ತರ: ಅಲ್ಲ. ಅದರ ನಡುವೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಇದೆ, ಎಲ್ಲರೂ ಅದನ್ನು ನಂಬುತ್ತಾರೆ. ನಂಬುವ ಮಧ್ಯಸ್ಥ ಇದ್ದಾಗ ಕೆಲಸ ಎಷ್ಟು ವೇಗ ಎಂಬುದನ್ನು ವಿದ್ಯಾರ್ಥಿಗಳೇ ಭಾಗಿಸಿ ನೋಡಲಿ: ತಿಂಗಳಿಗೆ 1,000 ಕೋಟಿ ವ್ಯವಹಾರ ಎಂದು ಹಿಡಿದರೂ (ಈಗ ಅದಕ್ಕೂ ಹೆಚ್ಚು ನಡೆಯುತ್ತಿದೆ) ಸೆಕೆಂಡಿಗೆ ಸರಾಸರಿ 3,850. ಬಿಟ್‌ಕಾಯಿನ್ ಸೆಕೆಂಡಿಗೆ ಸುಮಾರು ಏಳು.

ಪ್ರಶ್ನೆ: ಪಹಣಿಯನ್ನು ಬ್ಲಾಕ್‌ಚೈನ್‌ಗೆ ಹಾಕಿದರೆ ಜಮೀನಿನ ಮೋಸ ನಿಲ್ಲುತ್ತದೆ ಎಂದು ಸೆಮಿನಾರ್‌ನಲ್ಲಿ ಕೇಳಿದೆ. ನಮ್ಮ ಕಡೆ ತಾತನ ಹೆಸರಲ್ಲೇ ಉಳಿದ ಜಮೀನುಗಳೇ ಹೆಚ್ಚು. ಇದನ್ನು ಪ್ರಬಂಧದ ವಿಷಯ ಮಾಡಬಹುದೇ?
— ಎಂಎಸ್‌ಡಬ್ಲ್ಯು ವಿದ್ಯಾರ್ಥಿನಿ, ತುಮಕೂರು

ಉತ್ತರ: ಖಂಡಿತ ಮಾಡಿ. ನಿಮ್ಮ ಎರಡನೇ ವಾಕ್ಯ ಆ ಸೆಮಿನಾರ್‌ಗಿಂತ ಮುಂದಿದೆ.

ಮೊದಲು ಮೋಸಗಳನ್ನು ಬಿಡಿಬಿಡಿಯಾಗಿ ಬರೆಯಿರಿ, ಪ್ರತಿಯೊಂದರ ಎದುರೂ ‘ಇದನ್ನು ಸರಪಳಿ ತಡೆಯುತ್ತದೆಯೇ?’ ಎಂದು ಕೇಳಿಕೊಳ್ಳಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಲೀಕರ ಬದಲು ಬೇರೊಬ್ಬ ನಿಂತು ಸಹಿ ಹಾಕಿದರೆ? ತಡೆಯುವುದಿಲ್ಲ, ಸುಳ್ಳು ಕ್ರಯಪತ್ರವೇ ಅಳಿಸಲಾಗದಂತೆ ಕೂರುತ್ತದೆ. ಪೌತಿ ಖಾತೆ ಆಗದೆ, ತೀರಿಕೊಂಡವರ ಹೆಸರಲ್ಲೇ ಪಹಣಿ ಬರುತ್ತಿದ್ದರೆ? ತಡೆಯುವುದಿಲ್ಲ. ಜಂಟಿ ಖಾತೆಯಲ್ಲಿ ಪೋಡಿ ಆಗದೆ ಒಬ್ಬರು ತಮ್ಮ ಪಾಲಿಗಿಂತ ಹೆಚ್ಚು ಮಾರಿದರೆ? ನೆಲದ ಮೇಲೆ ಗಡಿ ಗುರುತಿಸದ ಹೊರತು ಯಾವ ಲೆಡ್ಜರಿಗೂ ತಿಳಿಯದು. ಕಚೇರಿಯ ಒಳಗಿನವರೇ ಹಳೆಯ ದಿನಾಂಕ ಹಾಕಿ ಮ್ಯುಟೇಶನ್ ತಿದ್ದಿದರೆ? ಹೌದು, ಇಲ್ಲಿ ಸರಪಳಿ ಕೆಲಸ ಮಾಡುತ್ತದೆ. ತಿದ್ದಿದ್ದು ಕಾಣುತ್ತದೆ.

ಕಾನೂನಿನ ಹಿನ್ನೆಲೆಯೂ ಪ್ರಬಂಧದಲ್ಲಿರಲಿ. 1908ರ ನೋಂದಣಿ ಕಾಯ್ದೆ ನೋಂದಾಯಿಸುವುದು ದಸ್ತಾವೇಜನ್ನು. ಮಾಲೀಕತ್ವಕ್ಕೆ ಸರ್ಕಾರದ ಖಾತರಿ ಅದರಲ್ಲಿಲ್ಲ. ಪಹಣಿಯ ನಮೂದು ಬೇರೆ ರೀತಿ ಸಾಬೀತಾಗುವವರೆಗೆ ನಿಜವೆಂದು ಭಾವಿಸತಕ್ಕದ್ದು, ಅಷ್ಟೇ. ನಾಳೆ ನ್ಯಾಯಾಲಯ ಒಂದು ಮಾರಾಟವನ್ನು ರದ್ದುಪಡಿಸಿದರೆ ಹಳೆಯ ಬ್ಲಾಕ್ ಅಳಿಸಲಾಗದು. ಲೆಕ್ಕಪತ್ರದಲ್ಲಿ ತಪ್ಪು ನಮೂದಿಗೆ ತಿರುವು ನಮೂದು ಹಾಕುವಂತೆ ಹೊಸದೊಂದನ್ನು ಸೇರಿಸಬೇಕು. ಆ ಅಧಿಕಾರದ ಕೀಲಿ ಯಾರ ಬಳಿ ಇರಬೇಕು ಎಂಬುದೇ ನಿಮ್ಮ ಪ್ರಬಂಧದ ತಿರುಳಾಗಬಲ್ಲದು.

ಖಾಸಗಿತನದ ಬಗ್ಗೆ ಒಂದು ಎಚ್ಚರಿಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಅಳಿಸುವಂತೆ ಕೇಳುವ ಹಕ್ಕು ಕೊಡುತ್ತದೆ, ಸರಪಳಿ ಅಳಿಸುವುದಿಲ್ಲ. ‘ಹ್ಯಾಶ್ ಮಾತ್ರ ಹಾಕುತ್ತೇವೆ’ ಎಂಬ ಉತ್ತರ ಎಲ್ಲ ಕಡೆ ಬರುತ್ತದೆ, ಆದರೆ ಅದು ಅರ್ಧ ಉತ್ತರ. ನಮ್ಮ ಮೊಬೈಲ್ ಸಂಖ್ಯೆಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತು ಅಂಕಿ, ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಸೆಕೆಂಡಿಗೆ ಹತ್ತು ಲಕ್ಷ ಹ್ಯಾಶ್ ಮಾಡುವ ಕಂಪ್ಯೂಟರ್ ಎಲ್ಲವನ್ನೂ 4,000 ಸೆಕೆಂಡಿನಲ್ಲಿ ಮುಗಿಸಿ ನಿಮ್ಮ ಸಂಖ್ಯೆ ಯಾವುದೆಂದು ಹೇಳಿಬಿಡುತ್ತದೆ. ಒಂದು ಗಂಟೆ ಏಳು ನಿಮಿಷ ಸಾಕು! ಹ್ಯಾಶ್ ಮಾಡುವ ಮೊದಲು ಊಹಿಸಲಾಗದ ಉದ್ದನೆಯ ಗುಟ್ಟಿನ ಸಂಖ್ಯೆಯನ್ನು ಜೊತೆಗೆ ಸೇರಿಸಲೇಬೇಕು, ಅದನ್ನು ಸರಪಳಿಯ ಹೊರಗೆ ಇಡಬೇಕು.

ಪ್ರಶ್ನೆ: ಕಾಫಿಯ ಮೂಲ ಪತ್ತೆ ಬಗ್ಗೆ ಎಂಟು ವಾರದ ಪ್ರಾಜೆಕ್ಟ್ ಮಾಡಬೇಕು. ಮನೆಯಲ್ಲೇ ತೋಟವಿದೆ. ಹೇಗೆ ಮುಂದುವರಿಯಲಿ?
— ಕೃಷಿ ವ್ಯವಹಾರ ನಿರ್ವಹಣೆ ವಿದ್ಯಾರ್ಥಿನಿ, ಸಕಲೇಶಪುರ

ಉತ್ತರ: ಮೊದಲ ಎರಡು ವಾರ ಕಂಪ್ಯೂಟರ್ ಮುಟ್ಟಬೇಡಿ. ತೋಟದಿಂದ ಹಡಗಿನವರೆಗೆ ಚೀಲ ಕೈ ಬದಲಾಗುವ ಪ್ರತಿ ಜಾಗವನ್ನೂ ಬರೆಯಿರಿ: ಕೊಯ್ಲು, ಪಲ್ಪರ್, ಒಣಗಿಸುವ ಕಣ, ವ್ಯಾಪಾರಿ, ಕ್ಯೂರಿಂಗ್ ವರ್ಕ್ಸ್, ರಫ್ತುದಾರ. ಒಂದೊಂದು ಕಡೆಯೂ ಯಾರು ತೂಗುತ್ತಾರೆ, ಯಾವ ಪುಸ್ತಕದಲ್ಲಿ ಬರೆಯುತ್ತಾರೆ, ಸುಳ್ಳು ಬರೆದರೆ ಲಾಭ ಯಾರಿಗೆ? ಚೀಲಗಳು ಬೆರೆಯುವ ಜಾಗವನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಸಣ್ಣ ಬೆಳೆಗಾರರ ಸರಕು ವ್ಯಾಪಾರಿಯ ಗೋದಾಮಿನಲ್ಲಿ ಒಂದೇ ರಾಶಿಯಾದ ಮೇಲೆ ಕ್ಯೂಆರ್ ಕೋಡ್ ಅಂಟಿಸಿ ಪ್ರಯೋಜನವಿಲ್ಲ.

ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತ್ತು. ಬೆಳೆಗಾರರು ನೇರವಾಗಿ ಮಾರಬೇಕು, ಮೂಲ ತಿಳಿಯಬೇಕು ಎಂಬುದು ಉದ್ದೇಶ. ಅದನ್ನು ಹಿನ್ನೆಲೆಯಾಗಿ ಓದಿಕೊಳ್ಳಿ.

ಮೋಸ ಹಿಡಿಯಲು ನಿಮ್ಮ ಬಳಿ ಇರುವ ಒಳ್ಳೆಯ ಅಸ್ತ್ರ ತೂಕದ ಲೆಕ್ಕ. ಅರೇಬಿಕಾ ಪಾರ್ಚ್‌ಮೆಂಟ್‌ನ (ತಿರುಳು ತೆಗೆದು ಒಣಗಿಸಿದ ಬೀಜ) 50 ಕೆ.ಜಿ. ಚೀಲದಿಂದ ಸುಮಾರು 40 ಕೆ.ಜಿ. ಕ್ಲೀನ್ ಕಾಫಿ ಬರುತ್ತದೆ. ರೋಬಸ್ಟಾ ಚೆರಿಯಾದರೆ (ಇಡೀ ಹಣ್ಣನ್ನೇ ಒಣಗಿಸಿದ್ದು) 26ರಿಂದ 28. ಬೆಳೆಗಾರರು ‘ಓಟಿ’ ಎನ್ನುವುದು ಇದನ್ನೇ. ದಾಖಲೆಯಲ್ಲಿ 50 ಕೆ.ಜಿ. ರೋಬಸ್ಟಾ ಚೆರಿಗೆ 35 ಕೆ.ಜಿ. ಬಂದಿದ್ದರೆ ನಡುವೆ ಎಲ್ಲಿಯದೋ ಕಾಫಿ ಸೇರಿದೆ. ಈ ತಪಾಸಣೆಯನ್ನು ನಿಯಮವಾಗಿ ಬರೆದು, ಮೀರಿದ ನಮೂದನ್ನು ವ್ಯವಸ್ಥೆ ತಿರಸ್ಕರಿಸುವಂತೆ ಮಾಡುವುದು ನಿಮ್ಮ ಪ್ರಾಜೆಕ್ಟಿನ ಹೃದಯ.

ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮವನ್ನೂ ನೋಡಿ. 31 ಡಿಸೆಂಬರ್ 2020ರ ನಂತರ ಕಾಡು ಕಡಿದ ನೆಲದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ತೋಟದ ಭೂಸ್ಥಾನ ಕೊಡಬೇಕು, ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ ಮೀರಿದರೆ ಗಡಿರೇಖೆಯನ್ನೇ ಕೊಡಬೇಕು. ನಿಯಮದ ಅನ್ವಯ ಮುಂದೂಡಿಕೆಯಾಗುತ್ತ ಬಂದಿದೆ, ಹಾಗಾಗಿ ಬರೆಯುವ ದಿನದ ಸ್ಥಿತಿ ನೋಡಿಕೊಂಡೇ ದಿನಾಂಕ ಹಾಕಿ. ವಾಲ್‌ಮಾರ್ಟ್ ಮಾವಿನ ಪ್ರಯೋಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ: ಸುಮಾರು ಏಳು ದಿನ ಹಿಡಿಯುತ್ತಿದ್ದ ಮೂಲ ಪತ್ತೆ 2.2 ಸೆಕೆಂಡಿಗೆ ಇಳಿಯಿತು ಎಂದು. ನೀವು ಕೇಳಬೇಕಾದ್ದು ಒಂದೇ: ಅದರಲ್ಲಿ ಎಷ್ಟು ಪಾಲು ಕಾಗದವನ್ನು ಡಿಜಿಟಲ್ ಮಾಡಿದ್ದರಿಂದ, ಎಷ್ಟು ಬ್ಲಾಕ್‌ಚೈನ್‌ನಿಂದ?

ಪ್ರಶ್ನೆ: ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಬ್ಲಾಕ್‌ಚೈನ್ ಮೇಲೆ ತಾನಾಗಿ ನಡೆಯುವ ಒಪ್ಪಂದದ ಕೋಡ್) ಪ್ರಾಯೋಗಿಕ ತರಗತಿಯಲ್ಲಿ ಅರ್ಧ ಸಮಯ ವಾಲೆಟ್ (ನಾಣ್ಯದ ಕೀಲಿ ಇಡುವ ತಂತ್ರಾಂಶ) ಮತ್ತು ಪರೀಕ್ಷಾ ಈಥರ್ (ಎಥೀರಿಯಮ್ ಜಾಲದ ನಾಣ್ಯದ ಅಭ್ಯಾಸ ರೂಪ) ಹುಡುಕುವುದರಲ್ಲೇ ಕಳೆಯುತ್ತದೆ. ವಿದ್ಯಾರ್ಥಿಗಳು ನಿಜವಾದ ಕ್ರಿಪ್ಟೊ ಕೊಳ್ಳುವ ಬಗ್ಗೆಯೂ ಕೇಳುತ್ತಾರೆ.
— ಎಂಸಿಎ ಉಪನ್ಯಾಸಕರು, ಮಂಗಳೂರು

ಉತ್ತರ: ಮೊದಲ ಮೂರು ತರಗತಿಗೆ ವಾಲೆಟ್ಟೇ ಬೇಡ. ಬ್ರೌಸರಿನಲ್ಲಿ ಕೋಡ್ ಬರೆಯುವ ತಾಣವಾದ ರೀಮಿಕ್ಸ್ ತೆರೆದು, ನಿಯೋಜನೆಯ ಪುಟದಲ್ಲಿ ‘ರೀಮಿಕ್ಸ್ ವಿಎಂ’ ಆರಿಸಿ. ತಲಾ 100 ಪರೀಕ್ಷಾ ಈಥರ್ ಇರುವ ಖಾತೆಗಳು ಸಿದ್ಧವಾಗಿರುತ್ತವೆ. ಹಳೆಯ ಪಾಠಗಳಲ್ಲಿ ಬರುವ ರಾಪ್ಸ್ಟನ್, ರಿಂಕ್‌ಬಿ, ಗೊಯೆರ್ಲಿ ಪರೀಕ್ಷಾ ಜಾಲಗಳು ಮುಚ್ಚಿವೆ. ಅವುಗಳನ್ನು ಹುಡುಕಿ ದಣಿಯಬೇಡಿ. ಆಮೇಲೆ ಸೆಪೋಲಿಯಾ ಪರೀಕ್ಷಾ ಜಾಲಕ್ಕೆ ಹೋಗಬಹುದು, ಅದಕ್ಕೆ ಬೇಕಾದ ಪರೀಕ್ಷಾ ಈಥರ್ ನೀವೇ ಒಂದು ವಾರ ಮೊದಲು ಕೂಡಿಸಿಟ್ಟು ಹಂಚಿ. ಈ ಕೋಡ್ ಬರೆಯುವ ಭಾಷೆ ಸಾಲಿಡಿಟಿ; ಅದರ 0.8ಕ್ಕಿಂತ ಹಿಂದಿನ ಆವೃತ್ತಿಯ ಮಾದರಿ ಕೋಡ್ ಕೊಡಬೇಡಿ: ಸಂಖ್ಯೆ ತನ್ನ ಮಿತಿ ಮೀರಿ ಉಕ್ಕಿಹರಿಯುವುದನ್ನು ತಾನಾಗಿ ತಡೆಯುವುದು 0.8ರಿಂದ.

ಅಭ್ಯಾಸಕ್ಕೆ ನಮ್ಮ ಚೀಟಿ ವ್ಯವಹಾರ ಹೇಳಿ ಮಾಡಿಸಿದ ಹಾಗಿದೆ. ಐದು ಸದಸ್ಯರು, ತಿಂಗಳಿಗೆ ತಲಾ ಒಂದು ಈಥರ್, ಪ್ರತಿ ತಿಂಗಳು ಒಬ್ಬರಿಗೆ ಮೊತ್ತ. ಇದನ್ನು ಬರೆಯಲು ಹೊರಟವರು ಮೂರು ಗುಂಡಿಗೆ ಬೀಳುತ್ತಾರೆ. ಮೊದಲನೆಯದು, ಸಾಲಿಡಿಟಿಯಲ್ಲಿ ದಶಮಾಂಶವಿಲ್ಲ. 100ನ್ನು ಮೂವರಿಗೆ ಹಂಚಿದರೆ ತಲಾ 33, ಉಳಿದ ಒಂದು ಒಪ್ಪಂದದೊಳಗೇ ಸಿಕ್ಕಿಬೀಳುತ್ತದೆ. ಎರಡನೆಯದು, ಎಲ್ಲರಿಗೂ ಲೂಪ್‌ನಲ್ಲಿ ಹಣ ಕಳಿಸುವಾಗ ಒಬ್ಬರ ವಿಳಾಸ ಸ್ವೀಕರಿಸದಿದ್ದರೆ ಎಲ್ಲರದ್ದೂ ನಿಲ್ಲುತ್ತದೆ; ಅವರವರೇ ಬಂದು ಪಡೆಯುವಂತೆ ಬರೆಯಬೇಕು. ಮೂರನೆಯದು, ಹಣ ಕಳಿಸಿದ ಮೇಲೆ ಬಾಕಿಯನ್ನು ಸೊನ್ನೆ ಮಾಡುವುದು. ಪಡೆಯುವವನ ಕೋಡ್ ಆ ಎರಡರ ನಡುವೆ ಮತ್ತೆ ಮತ್ತೆ ಕೈಚಾಚುತ್ತದೆ. 2016ರ ಜೂನ್‌ನಲ್ಲಿ ಎಥೀರಿಯಮ್ ಮೇಲಿನ ‘ದಿ ಡಿಎಒ’ ಎಂಬ ಹೂಡಿಕೆ ನಿಧಿಯಿಂದ ಸುಮಾರು 36 ಲಕ್ಷ ಈಥರ್ ಹೋಗಿದ್ದು ಈ ದಾರಿಯಲ್ಲೇ, ಅದನ್ನು ಸರಿಪಡಿಸಲು ಜುಲೈ 20ರಂದು ಎಥೀರಿಯಮ್ ಸರಪಳಿಯನ್ನೇ ಕವಲೊಡೆಸಲಾಯಿತು, ಒಪ್ಪದವರ ಕವಲು ಎಥೀರಿಯಮ್ ಕ್ಲಾಸಿಕ್ ಆಗಿ ಉಳಿಯಿತು. ಮೊದಲು ಸೊನ್ನೆ, ಆಮೇಲೆ ಹಣ.

ಇಷ್ಟಾದ ಮೇಲೆ ಒಂದು ಪ್ರಶ್ನೆ ಹಾಕಿ: ಮೊದಲ ತಿಂಗಳೇ ಚೀಟಿ ಎತ್ತಿದವನು ಎರಡನೇ ತಿಂಗಳಿಂದ ಕಟ್ಟದಿದ್ದರೆ? ಊರಿನಲ್ಲಾದರೆ ಜಾಮೀನುದಾರರ ಮನೆಗೆ ಹೋಗುತ್ತಾರೆ. ಕೋಡಿಗೆ ಕಾಲಿಲ್ಲ. ಮುಂಗಡ ಠೇವಣಿ ಇಡಿಸಬೇಕು, ಆದರೆ ಅಷ್ಟು ಠೇವಣಿ ಇಡಬಲ್ಲವನಿಗೆ ಚೀಟಿಯ ಅಗತ್ಯವೇ ಕಡಿಮೆ.

ಕ್ರಿಪ್ಟೊ ಬಗ್ಗೆ: ತರಗತಿಗೆ ನಿಜವಾದ ಹಣ ತರಬಾರದು, ಇದರಲ್ಲಿ ಸಡಿಲಿಕೆ ಬೇಡ. ವಾಲೆಟ್ಟಿನ 12 ಪದಗಳ ಗುಟ್ಟನ್ನು ಯಾರಿಗೂ ತೋರಿಸಬಾರದು ಎಂಬುದನ್ನು ಪರೀಕ್ಷಾ ವಾಲೆಟ್ಟಿನಲ್ಲೇ ರೂಢಿ ಮಾಡಿಸಿ. ಕಾನೂನನ್ನು ಮಾತ್ರ ಪೂರ್ತಿ ಕಲಿಸಿ. ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ 6 ಏಪ್ರಿಲ್ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 4 ಮಾರ್ಚ್ 2020ರಂದು ರದ್ದುಪಡಿಸಿತು. 1 ಏಪ್ರಿಲ್ 2022ರಿಂದ ಲಾಭಕ್ಕೆ 30% ತೆರಿಗೆ, ಆ ಜುಲೈನಿಂದ 1% ಟಿಡಿಎಸ್ ಬಂತು. ನಷ್ಟ ವಜಾ ಇಲ್ಲ. ಒಂದು ನಾಣ್ಯದಲ್ಲಿ ಒಂದು ಲಕ್ಷ ಲಾಭ, ಇನ್ನೊಂದರಲ್ಲಿ ಒಂದು ಲಕ್ಷ ನಷ್ಟವಾದರೆ ಕೈಗೆ ಬಂದದ್ದು ಸೊನ್ನೆ; ಆದರೂ 4% ಸೆಸ್ ಸೇರಿ 31,200 ರೂಪಾಯಿ ತೆರಿಗೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿ. ಜೊತೆಗೆ ರಿಸರ್ವ್ ಬ್ಯಾಂಕಿನ ಇ-ರೂಪಾಯಿ ಬೇರೆಯೇ ವಸ್ತು ಎಂದು ಬಿಡಿಸಿ ಹೇಳಿ. ಅದು ರೂಪಾಯಿಯೇ. ಚಿಲ್ಲರೆ ಪ್ರಯೋಗ 1 ಡಿಸೆಂಬರ್ 2022ರಂದು ಶುರುವಾದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು.

ಪ್ರಶ್ನೆ: ಪರೀಕ್ಷೆಯಲ್ಲಿ ‘ಬ್ಲಾಕ್‌ಚೈನ್‌ನ ಅನುಕೂಲ, ಅನನುಕೂಲ ಬರೆಯಿರಿ’ ಎಂದರೆ ಎಲ್ಲರದ್ದೂ ಒಂದೇ ಉತ್ತರ. ಬೇರೆ ಹೇಗೆ ಕೇಳಬಹುದು?
— ಪ್ರಾಧ್ಯಾಪಕರು, ಶಿವಮೊಗ್ಗ

ಉತ್ತರ: ಸೋತ ಯೋಜನೆಯನ್ನು ಕೊಟ್ಟು ಕೇಳಿ. ಐಬಿಎಂ ಮತ್ತು ಮೆರ್ಸ್ಕ್ ಸೇರಿ 2018ರಲ್ಲಿ ತಂದ ಹಡಗು ಸಾಗಣೆಯ ‘ಟ್ರೇಡ್‌ಲೆನ್ಸ್’ ನಿಲ್ಲುತ್ತದೆಂದು 2022ರ ನವೆಂಬರ್‌ನಲ್ಲಿ ಘೋಷಣೆಯಾಯಿತು. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಎಂಬುದೇ ಅವರು ಕೊಟ್ಟ ಕಾರಣ. ಅದೇ ತಿಂಗಳು ಆಸ್ಟ್ರೇಲಿಯಾದ ಷೇರು ವಿನಿಮಯ ಕೇಂದ್ರ ಷೇರು ವ್ಯವಹಾರ ಚುಕ್ತಾ ಮಾಡುವ ತನ್ನ ‘ಚೆಸ್’ ವ್ಯವಸ್ಥೆಯನ್ನು ಹಂಚಿಹೋದ ಲೆಡ್ಜರಿಗೆ ಬದಲಿಸುವ ಕೆಲಸ ನಿಲ್ಲಿಸಿ, ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರನ್ನು ನಷ್ಟಕ್ಕೆ ಬರೆಯಿತು. ಪ್ರಶ್ನೆ ಹೀಗಿರಲಿ: ‘ಟ್ರೇಡ್‌ಲೆನ್ಸ್‌ಗೆ ಸೇರಬೇಕಿದ್ದ, ಮೆರ್ಸ್ಕ್‌ನ ಪ್ರತಿಸ್ಪರ್ಧಿಯಾದ ಹಡಗು ಕಂಪನಿಯ ವ್ಯವಸ್ಥಾಪಕಿ ನೀವು. ಸೇರಲು ಯಾವ ನಾಲ್ಕು ಷರತ್ತು ಹಾಕುತ್ತೀರಿ?’

20 ಅಂಕದ ಪ್ರಶ್ನೆಯಾದರೆ ಅಂಕ ಹಂಚಿಕೆ ಹೀಗೆ ಮಾಡಬಹುದು. ಯಾರು ಬರೆಯುತ್ತಾರೆ, ಯಾರು ಯಾರನ್ನು ನಂಬುವುದಿಲ್ಲ ಎಂದು ಗುರುತಿಸಿದ್ದಕ್ಕೆ 6. ಸಾಮಾನ್ಯ ಡೇಟಾಬೇಸ್ ಮತ್ತು ಡಿಜಿಟಲ್ ಸಹಿಯಿಂದ ಆಗದ್ದು ಏನು ಎಂದು ತೋರಿಸಿದ್ದಕ್ಕೆ 6. ತಪ್ಪು ಮಾಹಿತಿ ಒಳಬರುವ ಬಾಗಿಲು ಯಾವುದೆಂದು ಹೇಳಿದ್ದಕ್ಕೆ 4. ಖರ್ಚು ಯಾರದ್ದು, ಲಾಭ ಯಾರಿಗೆ ಎಂಬುದಕ್ಕೆ 4. ‘ಇಲ್ಲಿ ಬ್ಲಾಕ್‌ಚೈನ್ ಬೇಡ’ ಎಂದು ಕಾರಣ ಸಹಿತ ಬರೆದವರಿಗೂ ಪೂರ್ಣ ಅಂಕ ಸಿಗಬೇಕು, ಇದನ್ನು ಮೊದಲ ತರಗತಿಯಲ್ಲೇ ಹೇಳಿಬಿಡಿ. ಹೇಳದಿದ್ದರೆ ಪತ್ರಿಕೆಯ ಹೆಸರು ನೋಡಿಯೇ ಎಲ್ಲರೂ ‘ಬೇಕು’ ಎಂದು ಬರೆಯುತ್ತಾರೆ.